ಡಿ10ಕ್ಕೆ ಬರೆದೆ, ಡಿ11 ಹೋಯ್ತು: ಪಿಎಲ್‌ಸಿ ಆಪರೆಂಡ್‌ಗಳ ಕಟ್ಟುಪಾಡು



ಡ್ರಿಪ್ಪಿಗೆ, ಪಾಲಿಹೌಸಿಗೆ ಪಿಎಲ್‌ಸಿ ಪ್ಯಾನೆಲ್ ಹಾಕಿಸಿಕೊಂಡ ಹುಡುಗರು ಈಗ ನಮ್ಮ ಕಡೆ ಅಲ್ಲೊಬ್ಬರು ಇಲ್ಲೊಬ್ಬರು ಸಿಗ್ತಾರೆ. ವೈರಿಂಗ್ ಹೆಂಗೆ ಅಂತ ಎಲೆಕ್ಟ್ರಿಷಿಯನ್ ತೋರಿಸ್ತಾನೆ. ಲ್ಯಾಡರ್ ಬರೆಯೋದನ್ನ ಮೊಬೈಲಲ್ಲೇ ವಿಡಿಯೋ ನೋಡಿ ಕಲೀಬಹುದು. ಆದರೆ ಇನ್‌ಸ್ಟ್ರಕ್ಷನ್ ಪಕ್ಕದಲ್ಲಿ ಬರೀತೀವಲ್ಲ, ಎಕ್ಸ್0, ಡಿ10, ಕೆ300 ಅಂತ ವಿಳಾಸ, ಸಂಖ್ಯೆ, ಅವಕ್ಕೆ ಆಪರೆಂಡ್ ಅಂತ ಹೆಸರು. ಯಾವ ಜಾಗದಲ್ಲಿ ಯಾವ ಆಪರೆಂಡ್ ಬರಬಹುದು, ಅದು ಎಷ್ಟು ಜಾಗ ತಿನ್ನುತ್ತೆ ಅನ್ನೋದಕ್ಕೆ ಒಂದಷ್ಟು ಕಟ್ಟುಪಾಡು ಇದೆ. ಅದನ್ನ ಮಾತ್ರ ಯಾರೂ ಕೂರಿಸಿಕೊಂಡು ಹೇಳಲ್ಲ. ನಾನು ಅದನ್ನ ಕಲಿತದ್ದು ಹೋದ ವರ್ಷ, ದಪ್ಪಮೆಣಸಿನಕಾಯಿ ಬೆಳೆಯ ಖರ್ಚಿನಲ್ಲಿ.

ಮೊದಲು ಆ ಕಥೆ ಹೇಳಿಬಿಡ್ತೀನಿ.

ನಮ್ಮದು ಚಿಂತಾಮಣಿ ಕಡೆ. 20 ಗುಂಟೆ ಪಾಲಿಹೌಸ್, ಪಕ್ಕದಲ್ಲಿ ಕೃಷಿಹೊಂಡ, ಅದರ ದಡದಲ್ಲಿ ಮೋಟರ್. ಪಾಲಿಹೌಸನ್ನ ನಾಲ್ಕು ಭಾಗ ಮಾಡಿ ನಾಲ್ಕು ಸೋಲನಾಯ್ಡ್ ವಾಲ್ವ್ ಇಟ್ಟಿದ್ದೀವಿ. ಗೊಬ್ಬರದ ಡ್ರಮ್ಮಿಗೆ ಒಂದು ಚಿಕ್ಕ ಡೋಸಿಂಗ್ ಮೋಟರ್. ಮೋಟರ್ ವೈ0, ವಾಲ್ವ್‌ಗಳು ವೈ1ರಿಂದ ವೈ4, ಡೋಸಿಂಗ್ ವೈ5. ಆರೇ ಔಟ್‌ಪುಟ್. ನಾನು ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಮೂರು ವರ್ಷ ಪ್ಯಾನೆಲ್ ಜೋಡಿಸೋ ಕೆಲಸ ಮಾಡಿದ್ದೆ. ಪ್ರೋಗ್ರಾಂ ಬರೀತಿದ್ದವರು ಬೇರೆ, ನಾನು ಸ್ಕ್ರೂ ತಿರುಗಿಸ್ತಿದ್ದವನು. ಆದರೂ ಊರಿಗೆ ಬಂದ ಮೇಲೆ ನಮ್ಮ ಪ್ಯಾನೆಲ್‌ನ ಪ್ರೋಗ್ರಾಂ ನಾನೇ ಬರೆದೆ. ಒಂದು ಬೆಳೆ ಪೂರ್ತಿ ಸರಿಯಾಗೇ ಓಡಿತು.

ಕೆಲಸ ಹೀಗೆ: ವಾಲ್ವ್ ತೆರೆದ ಮೇಲೆ ಸ್ವಲ್ಪ ಹೊತ್ತು ಬರೀ ನೀರು, ಆಮೇಲೆ ಐದು ನಿಮಿಷ ಗೊಬ್ಬರ, ಕೊನೆಗೆ ಪೈಪ್ ತೊಳೆಯೋಕೆ ಮತ್ತೆ ಬರೀ ನೀರು. ಆ ಐದು ನಿಮಿಷವನ್ನ ಡಿ11ರಲ್ಲಿ ಇಟ್ಟಿದ್ದೆ. ಟೈಮರ್ ಎಣಿಸೋದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ, ಹಾಗಾಗಿ ಐದು ನಿಮಿಷಕ್ಕೆ 3000. ಪಿಎಲ್‌ಸಿ ಆನ್ ಆದ ಕೂಡಲೇ ಕೆ3000 ಡಿ11ಕ್ಕೆ ಹೋಗಿ ಕೂರುತ್ತೆ, ನಾಲ್ಕೂ ವಾಲ್ವ್ ಸರದಿಯಲ್ಲೂ ಡೋಸಿಂಗ್ ಟೈಮರ್ ಅದನ್ನೇ ನೋಡುತ್ತೆ.

ಎರಡನೇ ಬೆಳೆಗೆ ಒಂದು ಆಸೆ ಹುಟ್ಟಿತು. ದಿನಕ್ಕೆ ಎಷ್ಟು ಲೀಟರ್ ನೀರು ಹೋಗ್ತಿದೆ ಅಂತ ತಿಳೀಬೇಕು. ಹತ್ತು ಲೀಟರಿಗೆ ಒಂದು ಪಲ್ಸ್ ಕೊಡೋ ಮೀಟರ್ ತಂದು ಹಾಕಿದೆ, ಪಲ್ಸನ್ನ ಕೌಂಟರ್ ಸಿ10 ಎಣಿಸಲಿ, ಅದನ್ನ ಹತ್ತರಿಂದ ಗುಣಿಸಿ ಲೀಟರ್ ಮಾಡೋಣ ಅಂತ. ನನ್ನ ನೋಟ್‌ಬುಕ್ ತೆಗೆದು ನೋಡಿದೆ. ಡಿ10 ಖಾಲಿ. ಸರಿ, ಒಂದು ಸಾಲು ಸೇರಿಸಿದೆ: ಮಲ್ ಸಿ10 ಕೆ10 ಡಿ10. ಅಂದ್ರೆ ಸಿ10 ಅನ್ನ 10ರಿಂದ ಗುಣಿಸಿ ಉತ್ತರವನ್ನ ಡಿ10ರಲ್ಲಿ ಇಡು. ಸಾಫ್ಟ್‌ವೇರ್ ಒಂದು ತಕರಾರೂ ಮಾಡಲಿಲ್ಲ. ಸಾಯಂಕಾಲ ಲ್ಯಾಪ್‌ಟಾಪ್ ಹಚ್ಚಿ ನೋಡಿದರೆ ಡಿ10ರಲ್ಲಿ 4800 ಅಂತ ಬಂದಿತ್ತು. ಖುಷಿಯೋ ಖುಷಿ.

ಅದೇ ವಾರ ತಂಗಿ ಮದುವೆ ಓಡಾಟ ಶುರುವಾಯ್ತು. ಡ್ರಮ್ಮನ್ನ ನಾಲ್ಕು ದಿನಕ್ಕೊಮ್ಮೆ ತುಂಬಿಸಬೇಕು. ಅಪ್ಪ ತುಂಬಿಸಿರ್ತಾರೆ ಅಂತ ನಾನು, ಇವನು ತುಂಬಿಸಿರ್ತಾನೆ ಅಂತ ಅಪ್ಪ. ಹತ್ತನೇ ದಿನ ಬೆಳಿಗ್ಗೆ ಅಪ್ಪ ಡ್ರಮ್ಮಿನ ಮುಚ್ಚಳ ಎತ್ತಿ ಕೂಗಿದರು.

"ಲೋ, ಗೊಬ್ಬರ ಇಳಿದೇ ಇಲ್ವಲ್ಲೋ!"

"ನೀನು ನಿನ್ನೆ ತುಂಬ್ಸಿದ್ದಲ್ವೇನಪ್ಪಾ?"

"ನಾನ್ಯಾವಾಗ ಬಂದೆ? ಮದುವೆ ಮನೆಯಿಂದ ಈಗ ಬರ್ತಾ ಇದ್ದೀನಿ."

ಹತ್ತು ದಿನ ಗಿಡಕ್ಕೆ ಬರೀ ನೀರು. ಹೂ ಕಚ್ಚೋ ಹೊತ್ತು ಬೇರೆ. ಮೇಲಿನ ಎಲೆ ತಿಳಿಹಸಿರಾಗಿತ್ತು, ಸಾಲಿನ ಮಧ್ಯೆ ಹೂ ಉದುರಿ ಬಿದ್ದಿದ್ದವು. ನಾನು ಅದನ್ನ ನೋಡಿರಲಿಲ್ಲ ಅಂತಲ್ಲ, ಬಿಸಿಲಿಗೆ ಇರಬೇಕು ಅಂದ್ಕೊಂಡಿದ್ದೆ.

ಡೋಸಿಂಗ್ ಮೋಟರ್ ಸುಟ್ಟಿದೆಯಾ ಅಂತ ನೋಡಿದೆ, ಚೆನ್ನಾಗಿತ್ತು. ರಿಲೇ ನೋಡಿದೆ. ಫ್ಯೂಸ್ ನೋಡಿದೆ. ಕೊನೆಗೆ ಲ್ಯಾಪ್‌ಟಾಪ್ ಹಚ್ಚಿ ಡಿ11 ತೆಗೆದರೆ ಅಲ್ಲಿ ಸೊನ್ನೆ. 3000 ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ, ಕಣ್ಣು ಮಿಟುಕಿಸೋದರೊಳಗೆ ಮತ್ತೆ ಸೊನ್ನೆ. ಮೂರು ಸಲ ಹಾಗೇ ಮಾಡಿದೆ. ಯಾರೋ ಒಳಗೆ ಕೂತು ಅಳಿಸ್ತಿರೋ ಹಾಗೆ ಅನ್ನಿಸ್ತು. ಅಳಿಸ್ತಿದ್ದದ್ದು ನಾನೇ ಬರೆದ ಆ ಗುಣಾಕಾರದ ಸಾಲು.

ಅದು ಹೇಗೆ ಅಂತ ಹೇಳೋಕೆ ಮೊದಲು ಆಪರೆಂಡ್ ಅಂದ್ರೇನು ಅಂತ ನೋಡಿಬಿಡೋಣ.

ಏನನ್ನು, ಯಾವುದರಿಂದ, ಎಲ್ಲಿಗೆ

ಆಳಿಗೆ "ಹಾಕು" ಅಂತ ಅಷ್ಟೇ ಹೇಳಿದರೆ ಅವನು ನಿಂತು ಮುಖ ನೋಡ್ತಾನೆ. ಏನನ್ನು ಹಾಕಲಿ, ಎಲ್ಲಿಂದ ತಗೊಳ್ಳಲಿ, ಎಲ್ಲಿಗೆ ಹಾಕಲಿ? ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದ್ದರೆ ಇದು ಅದೇ. ಇನ್‌ಸ್ಟ್ರಕ್ಷನ್ ಅಂದ್ರೆ ಕ್ರಿಯಾಪದ: ಸಾಗಿಸು, ಕೂಡು, ಗುಣಿಸು, ಹೋಲಿಸು. ಆಪರೆಂಡ್ ಅಂದ್ರೆ ಉಳಿದದ್ದೆಲ್ಲ. ತಗೊಳ್ಳೋ ಜಾಗಕ್ಕೆ ಸೋರ್ಸ್, ಇಡೋ ಜಾಗಕ್ಕೆ ಡೆಸ್ಟಿನೇಷನ್ ಅಂತಾರೆ. ನಮ್ಮ ಭಾಷೆಯಲ್ಲಿ ಮೂಲ ಮತ್ತು ಗುರಿ ಅಂತಿಟ್ಟುಕೊಳ್ಳಿ.

ಕಂಪನಿಯಿಂದ ಕಂಪನಿಗೆ ವಿಳಾಸ ಬರೆಯೋ ರೀತಿ ಬೇರೆ. ನಾನು ಇಲ್ಲಿ ಹೇಳೋದು ಮಿತ್ಸುಬಿಷಿ ಎಫ್‌ಎಕ್ಸ್ ಪದ್ಧತಿ, ಅದರಲ್ಲೂ ಎಫ್‌ಎಕ್ಸ್3ಯು ಮಾದರಿಯ ಸಂಖ್ಯೆಗಳು. ಡೆಲ್ಟಾದ ಡಿವಿಪಿ ಸರಣಿಯಲ್ಲೂ ಹೆಚ್ಚುಕಡಿಮೆ ಇವೇ ಅಕ್ಷರಗಳು ಬರ್ತವೆ, ಆನ್‌ಲೈನ್‌ನಲ್ಲಿ ಸಿಗೋ ಅಗ್ಗದ ಬೋರ್ಡುಗಳಲ್ಲಿ ಹಲವು ಇದನ್ನೇ ಅನುಸರಿಸ್ತವೆ. ನಿಮ್ಮ ಸ್ಕ್ರೀನ್ ಮೇಲೆ ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕಾಣುತ್ತೆ, ಓದಿಕೊಳ್ಳೋದು ಇದೇ ರೀತಿ.

ಎಕ್ಸ್ ಅಂದ್ರೆ ಇನ್‌ಪುಟ್: ಬಟನ್, ಫ್ಲೋಟ್ ಸ್ವಿಚ್, ಪ್ರೆಷರ್ ಸ್ವಿಚ್. ವೈ ಅಂದ್ರೆ ಔಟ್‌ಪುಟ್. ಎಂ ಅನ್ನೋದು ಒಳಗಿನ ನೆನಪಿನ ಸ್ವಿಚ್, ಹೊರಗೆ ವೈರ್ ಇರಲ್ಲ. ಈ ಮೂರೂ ಬಿಟ್, ಅಂದ್ರೆ ಆನ್ ಇಲ್ಲವೇ ಆಫ್, ಬೇರೇನಿಲ್ಲ. ಡಿ ಅಂದ್ರೆ ಸಂಖ್ಯೆ ಇಡೋ ಡಬ್ಬಿ, ಇದಕ್ಕೆ ವರ್ಡ್ ಅಂತಾರೆ. ಒಂದು ಡಬ್ಬಿಗೆ 16 ಬಿಟ್, ಹಿಡಿಯೋದು ಮೈನಸ್ 32768ರಿಂದ 32767ರ ತನಕ. ಟಿ ಮತ್ತು ಸಿ, ಅಂದ್ರೆ ಟೈಮರ್ ಮತ್ತು ಕೌಂಟರ್, ಎರಡೂ ವೇಷ ಹಾಕ್ತವೆ: ಕಾಂಟ್ಯಾಕ್ಟ್ ಜಾಗದಲ್ಲಿ ಬರೆದರೆ ಬಿಟ್, ಲೆಕ್ಕದ ಜಾಗದಲ್ಲಿ ಬರೆದರೆ ಆವರೆಗೆ ಎಣಿಸಿದ ಸಂಖ್ಯೆ. ಕೆ ಅಂದ್ರೆ ನಾವೇ ಬರೆಯೋ ಸ್ಥಿರ ಸಂಖ್ಯೆ.

ಕಾಂಟ್ಯಾಕ್ಟ್, ಕಾಯಿಲ್ ಅನ್ನೋ ಹೆಸರುಗಳು ಯಾಕೆ ಅಂದ್ರೆ ಪಿಎಲ್‌ಸಿ ಬಂದದ್ದೇ ರಿಲೇಗಳನ್ನ ಓಡಿಸೋಕೆ. 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆಗೆ ರಿಲೇ ಪ್ಯಾನೆಲ್ ಬದಲಿ ಬೇಕಿತ್ತು, ಡಿಕ್ ಮಾರ್ಲಿ ತಂಡದವರು ಮಾಡಿಕೊಟ್ಟ ಮೆಷಿನ್ನಿಗೆ ಮೋಡಿಕಾನ್ 084 ಅಂತ ಹೆಸರು. ರಿಲೇ ವೈರಿಂಗ್ ಗೊತ್ತಿದ್ದ ಎಲೆಕ್ಟ್ರಿಷಿಯನ್‌ಗೂ ಅರ್ಥ ಆಗಲಿ ಅಂತ ಲ್ಯಾಡರ್ ಚಿತ್ರ ಹಾಗೇ ಉಳಿಯಿತು. ಇರಲಿ.

ಸಾಫ್ಟ್‌ವೇರ್ ಹಿಡಿಯೋ ತಪ್ಪುಗಳು

ಕೆಲವು ಕಟ್ಟುಪಾಡು ಮುರಿದರೆ ಸಾಫ್ಟ್‌ವೇರ್ ಅಲ್ಲೇ ತಡೆಯುತ್ತೆ. ಇವು ಅಪಾಯ ಅಲ್ಲ, ಬರೀ ತಲೆನೋವು.

ಕೆ ಯಾವತ್ತೂ ಗುರಿ ಆಗಲ್ಲ. ಐದು ಅನ್ನೋ ಸಂಖ್ಯೆಯೊಳಗೆ ಇನ್ನೊಂದು ಸಂಖ್ಯೆ ಹಾಕೋಕಾಗುತ್ತಾ? ಎಕ್ಸ್ ಕೂಡ ಗುರಿ ಆಗಲ್ಲ, ಫ್ಲೋಟ್ ಸ್ವಿಚ್ ಮೇಲಿದೆಯೋ ಕೆಳಗಿದೆಯೋ ಹೇಳಬೇಕಾದದ್ದು ತೊಟ್ಟಿಯ ನೀರು, ಪ್ರೋಗ್ರಾಂ ಅಲ್ಲ. ವೈ ಮಾತ್ರ ಮೂಲವೂ ಆಗಬಹುದು, ಗುರಿಯೂ ಆಗಬಹುದು. ಮೋಟರ್ ಆನ್ ಇದ್ದರೆ ಮಾತ್ರ ವಾಲ್ವ್ ಅಂತ ಬರೆಯೋವಾಗ ವೈ0 ಕಾಂಟ್ಯಾಕ್ಟ್ ಬಳಸ್ತೀವಲ್ಲ, ಹಾಗೆ.

ಎಕ್ಸ್ ಮತ್ತು ವೈ ಸಂಖ್ಯೆಗಳು ಆಕ್ಟಲ್. ಎಕ್ಸ್7 ಆದ ಮೇಲೆ ಎಕ್ಸ್10. ಎಕ್ಸ್8, ಎಕ್ಸ್9 ಇಲ್ಲವೇ ಇಲ್ಲ. ಒಂಬತ್ತನೇ ಇನ್‌ಪುಟ್ಟೇ ಎಕ್ಸ್10. ಎಂ, ಟಿ, ಸಿ, ಡಿಗಳಿಗೆ ಈ ಗೋಜಿಲ್ಲ, ಮಾಮೂಲಿ ಎಣಿಕೆ. ನಮ್ಮ ಪಕ್ಕದ ಊರಿನ ಸ್ನೇಹಿತ ವೈರಿಗೆ ಎಕ್ಸ್8 ಅಂತ ಸ್ಟಿಕ್ಕರ್ ಅಂಟಿಸಿ ಅರ್ಧ ದಿನ ಸಾಫ್ಟ್‌ವೇರನ್ನ ಬೈಕೊಂಡು ಕೂತಿದ್ದ.

ಬಿಟ್ ಬೇಕಾದ ಕಡೆ ವರ್ಡ್, ವರ್ಡ್ ಬೇಕಾದ ಕಡೆ ಬಿಟ್ ಹಾಕೋ ಹಾಗಿಲ್ಲ. ಬಿಟ್‌ಗಳನ್ನ ಸಂಖ್ಯೆ ಥರ ಬಳಸಲೇಬೇಕು ಅಂದ್ರೆ ನಾಲ್ಕು ನಾಲ್ಕರ ಕಟ್ಟು ಕಟ್ಟಬೇಕು. ಕೆ1ಎಂ0 ಅಂದ್ರೆ ಎಂ0ರಿಂದ ನಾಲ್ಕು ಬಿಟ್, ಕೆ2ವೈ0 ಅಂದ್ರೆ ವೈ0ರಿಂದ ವೈ7ರ ತನಕ ಎಂಟು. ಮೂವ್ ಕೆ0 ಕೆ2ವೈ0 ಅಂತ ಒಂದೇ ಸಾಲು ಬರೆದರೆ ಎಂಟೂ ಔಟ್‌ಪುಟ್ ಆಫ್. ಮಜಾ ಏನಂದ್ರೆ ಇಲ್ಲಿ ಮೊದಲನೇ ಕೆ ಸ್ಥಿರ ಸಂಖ್ಯೆ, ಎರಡನೇ ಕೆ ಕಟ್ಟಿನ ಲೆಕ್ಕ. ಡಿ ಕಥೆ ಇನ್ನೂ ಕೆಟ್ಟದ್ದು. ರಿಜಿಸ್ಟರ್ ಡಬ್ಬಿಗೂ ಡಿ, ಮ್ಯಾನ್ಯುಯಲ್‌ನಲ್ಲಿ ಡೆಸ್ಟಿನೇಷನ್‌ಗೂ ಡಿ, ಡಬಲ್ ಅಂದ್ರೆ 32 ಬಿಟ್ ಇನ್‌ಸ್ಟ್ರಕ್ಷನ್ ಮುಂದೆ ಸೇರಿಸೋ ಅಕ್ಷರವೂ ಡಿ. ಓದೋವಾಗ ಯಾವ ಡಿ ಅಂತ ಒಂದು ಕ್ಷಣ ನಿಂತು ನೋಡಿ.

ಸಾಫ್ಟ್‌ವೇರ್ ಹಿಡಿಯದ ತಪ್ಪು: ಒತ್ತುವರಿ

ಈಗ ನನ್ನ ಸೊನ್ನೆಯ ಗುಟ್ಟಿಗೆ ಬರೋಣ.

16 ಬಿಟ್‌ನ ಎರಡು ಸಂಖ್ಯೆ ಗುಣಿಸಿದರೆ ಉತ್ತರ 16 ಬಿಟ್‌ನಲ್ಲಿ ಹಿಡಿಸುತ್ತೆ ಅಂತ ನಂಬೋಕಾಗಲ್ಲ. 32767ನ್ನ 32767ರಿಂದ ಗುಣಿಸಿದರೆ 107 ಕೋಟಿ ದಾಟುತ್ತೆ. ಅದಕ್ಕೇ ಮಲ್ ಇನ್‌ಸ್ಟ್ರಕ್ಷನ್ ಉತ್ತರಕ್ಕೆ ಯಾವಾಗಲೂ ಎರಡು ಡಬ್ಬಿ ತಗೊಳ್ಳುತ್ತೆ: ನಾವು ಬರೆದದ್ದು ಒಂದು, ಅದರ ಮುಂದಿನದು ಇನ್ನೊಂದು. ಉತ್ತರ ಚಿಕ್ಕದಿದ್ದರೂ ಅಷ್ಟೇ. ನನ್ನ 4800 ಡಿ10ರಲ್ಲೇ ಹಿಡಿಸಿತು, ಮೇಲಿನ ಅರ್ಧಕ್ಕೆ ಇಡೋಕೆ ಏನೂ ಇರಲಿಲ್ಲ, ಹಾಗಾಗಿ ಡಿ11ಕ್ಕೆ ಸೊನ್ನೆ ಬರೆಯಿತು. ಅದೂ ಒಂದು ಸಲ ಅಲ್ಲ. ಪಿಎಲ್‌ಸಿ ಪ್ರೋಗ್ರಾಮನ್ನ ಮೇಲಿನಿಂದ ಕೆಳಗೆ ಸೆಕೆಂಡಿಗೆ ಎಷ್ಟೋ ಸಲ ಓದುತ್ತೆ, ಪ್ರತಿ ಸುತ್ತಿನಲ್ಲೂ ಸೊನ್ನೆ. ಡೋಸಿಂಗ್ ಟೈಮರ್ ನೋಡೋದು ಡಿ11. ಸೊನ್ನೆ ಅಂದ ಮೇಲೆ ಶುರುವಾದ ಕೂಡಲೇ ಮುಗಿದುಹೋಯ್ತು. ವಾಲ್ವ್ ತೆರೆಯುತ್ತೆ, ನೀರು ಹೋಗುತ್ತೆ, ಪ್ಯಾನೆಲ್ ದೀಪಗಳು ಸರಿಯಾಗಿ ಹತ್ತಿ ಆರುತ್ತವೆ. ಹೊರಗಿಂದ ನೋಡಿದರೆ ಎಲ್ಲ ಚೆಂದ.

ಬದು ಒತ್ತುವರಿ ಗೊತ್ತಲ್ಲ? ಪಹಣಿಯಲ್ಲಿ ಒಂದು ಎಕರೆ, ಉಳುಮೆ ಮಾತ್ರ ಒಂದು ಎಕರೆ ಎರಡು ಗುಂಟೆ. ಇದೂ ಹಾಗೇ. ಪ್ರೋಗ್ರಾಮಿನಲ್ಲಿ ಕಾಣೋದು ಡಿ10 ಮಾತ್ರ, ಉಳುಮೆ ಡಿ11ರ ತನಕ. ಸಾಫ್ಟ್‌ವೇರ್‌ಗೆ ಡಿ10 ಸರಿಯಾದ ಜಾತಿಯ ಆಪರೆಂಡ್, ಅಷ್ಟು ಸಾಕು. ಡಿ11ರಲ್ಲಿ ನಿಮ್ಮ ಗೊಬ್ಬರದ ಲೆಕ್ಕ ಇದೆ ಅಂತ ಅದಕ್ಕೇನು ಗೊತ್ತು?

ಹೀಗೆ ಪಕ್ಕದ ಜಾಗ ತಿನ್ನೋ ಇನ್‌ಸ್ಟ್ರಕ್ಷನ್‌ಗಳಲ್ಲಿ ನಮಗೆ ಪದೇ ಪದೇ ಬೇಕಾಗೋದು ಇನ್ನೂ ಮೂರು.

ಭಾಗಾಕಾರದ ಡಿವ್. ಭಾಗಲಬ್ಧ ನಾವು ಬರೆದ ಡಬ್ಬಿಗೆ, ಶೇಷ ಮುಂದಿನ ಡಬ್ಬಿಗೆ. ಡಿವ್ ಡಿ30 ಕೆ60 ಡಿ32 ಅಂತ ಬರೆದು ಡಿ30ರಲ್ಲಿ ಸೆಕೆಂಡ್ ಇದ್ದರೆ ಡಿ32ರಲ್ಲಿ ನಿಮಿಷ, ಡಿ33ರಲ್ಲಿ ಉಳಿದ ಸೆಕೆಂಡ್. ಗೊತ್ತಿದ್ದವರಿಗೆ ಇದು ಅನುಕೂಲ, ಗೊತ್ತಿಲ್ಲದವರಿಗೆ ಡಿ33 ಹೋಯ್ತು. ಭಾಗಿಸೋ ಸಂಖ್ಯೆ ಸೊನ್ನೆ ಆದರೆ ಎರರ್ ಬರುತ್ತೆ, ಅದೂ ನೆನಪಿರಲಿ.

ಹೋಲಿಕೆಯ ಕಂಪೇರ್, ಅಂದ್ರೆ ಸಿಎಂಪಿ. ಇದರ ಗುರಿ ಬಿಟ್, ಆದರೆ ಒಂದಲ್ಲ, ಸಾಲಾಗಿ ಮೂರು. ಸಿಎಂಪಿ ಸಿ10 ಕೆ480 ಎಂ20 ಅಂತ ಬರೆದರೆ ಸಿ10 ಹೆಚ್ಚಿದ್ದಾಗ ಎಂ20, ಸಮ ಇದ್ದಾಗ ಎಂ21, ಕಡಿಮೆ ಇದ್ದಾಗ ಎಂ22 ಆನ್. ನೀವು ಎಂ22 ಅನ್ನ ಬೇರೆಲ್ಲೋ ವಾಲ್ವಿಗೆ ಬಳಸಿದ್ದರೆ ಆ ವಾಲ್ವ್ ತನ್ನಷ್ಟಕ್ಕೆ ತೆರೆದುಕೊಳ್ಳುತ್ತೆ, ಯಾಕೆ ಅಂತ ಹುಡುಕೋಕೆ ರಾತ್ರಿಯೆಲ್ಲ ಬೇಕು. ಇನ್ನೊಂದು, ಸಿಎಂಪಿ ಮುಂದಿನ ಷರತ್ತು ಆಫ್ ಆದರೂ ಆ ಮೂರು ಬಿಟ್‌ಗಳು ಕೊನೆಗೆ ಇದ್ದ ಹಾಗೇ ನಿಂತುಬಿಡ್ತವೆ, ಆರಲ್ಲ.

ಮೂರನೆಯದು ಮುಂದೆ ಡಿ ಅಂಟಿಸಿದ 32 ಬಿಟ್ ಇನ್‌ಸ್ಟ್ರಕ್ಷನ್‌ಗಳು. ಡಿಮೂವ್ ಡಿ0 ಡಿ2 ಅಂದ್ರೆ ಡಿ0, ಡಿ1 ಜೋಡಿ ಡಿ2, ಡಿ3 ಜೋಡಿಗೆ ಹೋಗುತ್ತೆ. ಡಿಮಲ್ ಉತ್ತರಕ್ಕೆ ನಾಲ್ಕು ಡಬ್ಬಿ. ಈ ಜೋಡಿಗಳಿಗೆ ಸಮಸಂಖ್ಯೆಯಿಂದಲೇ ಶುರು ಮಾಡೋ ಅಭ್ಯಾಸ ಇಟ್ಟುಕೊಂಡರೆ ಒಂದರ ಮೇಲೊಂದು ಏರೋದು ಕಮ್ಮಿ. ಕಡ್ಡಾಯ ಅಲ್ಲ, ಆದರೆ ನಾನು ಈಗ ಬಿಡಲ್ಲ.

ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಒಂದು ಪ್ರೋಗ್ರಾಮಿನಲ್ಲಿ ಮಲ್ ಉತ್ತರ ಡಿ14ಕ್ಕೆ, ಡಿವ್ ಉತ್ತರ ಡಿ15ಕ್ಕೆ, ವಾಲ್ವ್ ಸಮಯ ಡಿ17ರಲ್ಲಿ. ಎಲ್ಲಿ ಜಗಳ? ಮಲ್ ಡಿ14, ಡಿ15 ತಗೊಳ್ಳುತ್ತೆ, ಡಿವ್ ಡಿ15, ಡಿ16. ಡಿ15ರಲ್ಲಿ ಇಬ್ಬರೂ ಬರೀತಾರೆ, ಕೆಳಗಿನ ಸಾಲಿನದ್ದು ಉಳಿಯುತ್ತೆ. ಡಿ17 ಬಚಾವ್. ಈಗ ಮಲ್ ತೆಗೆದು ಡಿಮಲ್ ಮಾಡಿದರೆ? ಡಿ14ರಿಂದ ಡಿ17ರ ತನಕ ಒತ್ತುವರಿ, ವಾಲ್ವ್ ಸಮಯವೂ ಹೋಯ್ತು.

ಸೀಮೆನ್ಸ್ ಎಸ್7-1200 ಇಟ್ಟುಕೊಂಡವರು ಇದು ನಮಗಲ್ಲ ಅಂದ್ಕೋಬೇಡಿ. ಅಲ್ಲಿ ಎಂ ಮೆಮೊರಿಯ ಲೆಕ್ಕ ಬೈಟ್‌ನಲ್ಲಿ. ಎಂಡಬ್ಲ್ಯೂ10 ಅನ್ನೋ ವರ್ಡ್ ಅಂದ್ರೆ 10 ಮತ್ತು 11ನೇ ಬೈಟ್. ಎಂಡಬ್ಲ್ಯೂ11 ಅಂದ್ರೆ 11 ಮತ್ತು 12. ಒಂದಾದ ಮೇಲೊಂದು ಬರೆದರೆ 11ನೇ ಬೈಟಿನಲ್ಲಿ ಡಿಕ್ಕಿ. ಅಲ್ಲಿ ವರ್ಡ್‌ಗಳನ್ನ ಎರಡೆರಡು ಬಿಟ್ಟು 10, 12, 14 ಅಂತಲೇ ಕೊಡಬೇಕು.

54 ನಿಮಿಷದ ಗೋಡೆ

ಮಾವಿನ ತೋಟಕ್ಕೋ ತೆಂಗಿಗೋ ಎರಡು ಗಂಟೆ ನೀರು ಬಿಡಬೇಕು ಅಂತ ಟೈಮರಿಗೆ ಕೆ72000 ಬರೆಯೋಕೆ ಹೋದರೆ ಸಾಫ್ಟ್‌ವೇರ್ ಒಪ್ಪಲ್ಲ. ಸಮಯದ ಆಪರೆಂಡ್ ಗರಿಷ್ಠ 32767. ಹತ್ತನೇ ಒಂದು ಸೆಕೆಂಡಿನ ಟೈಮರಿನಲ್ಲಿ, ಅಂದ್ರೆ ಟಿ0ರಿಂದ ಟಿ199, ಅದು 3276.7 ಸೆಕೆಂಡ್, 54 ನಿಮಿಷ 36 ಸೆಕೆಂಡ್ ಚಿಲ್ಲರೆ. ಟಿ200ರಿಂದ ಟಿ245 ಆದರೆ ನೂರನೇ ಒಂದು ಸೆಕೆಂಡಿನ ಟೈಮರ್. ಅಲ್ಲಿ ಅದೇ ಕೆ3000 ಬರೆದರೆ ಐದು ನಿಮಿಷ ಅಲ್ಲ, 30 ಸೆಕೆಂಡ್. ಟೈಮರ್ ಸಂಖ್ಯೆ ಬದಲಾಯಿಸಿದಾಗ ಸಮಯವೂ ಬದಲಾಗುತ್ತೆ ಅನ್ನೋದು ಹೊಸಬರಿಗೆ ಹೊಳೆಯಲ್ಲ.

ದೊಡ್ಡ ಸಮಯಕ್ಕೆ ಟೈಮರ್ ಬಿಟ್ಟು ಕೌಂಟರ್ ಬಳಸಿ. ಎಂ8014 ಅನ್ನೋದು ನಿಮಿಷಕ್ಕೊಮ್ಮೆ ಆನ್ ಆಗಿ ಆಫ್ ಆಗೋ ಗಡಿಯಾರದ ಬಿಟ್. ಅದರ ಕಾಂಟ್ಯಾಕ್ಟಿಗೆ ಕೌಂಟರ್ ಸಿ100, ಕೆ120 ಕೊಟ್ಟರೆ ಎರಡು ಗಂಟೆ ಆಯ್ತು. ಮೊದಲನೇ ನಿಮಿಷ ಪೂರ್ತಿ ಸಿಗದೇ ಇರಬಹುದು, ನೀರಿಗೆ ಅಷ್ಟು ಪರವಾಗಿಲ್ಲ. ಗೊಬ್ಬರಕ್ಕೆ ಮಾತ್ರ ಹೀಗೆ ಮಾಡಬೇಡಿ, ಅಲ್ಲಿ ಒಂದು ನಿಮಿಷ ಅಂದ್ರೆ ದೊಡ್ಡ ಲೆಕ್ಕ.

ಎಣಿಕೆಯ ಮಾತು ಬಂದಾಗ ಇನ್ನೊಂದು. ಡಿ ಡಬ್ಬಿಗೆ ಒಂದು ಸೇರಿಸೋ ಇನ್‌ಸ್ಟ್ರಕ್ಷನ್ ಐಎನ್‌ಸಿ. ಅದನ್ನ ಹಾಗೇ ಬರೆದರೆ ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಪ್ರತಿ ಸುತ್ತಿಗೆ ಒಂದೊಂದು ಏರ್ತಾ ಹೋಗುತ್ತೆ, 32767 ಆದ ಮೇಲಿನ ಸಂಖ್ಯೆ ಮೈನಸ್ 32768. ಕೊನೆಯಲ್ಲಿ ಪಿ ಸೇರಿಸಿ ಐಎನ್‌ಸಿಪಿ ಅಂತ ಬರೆದರೆ ಒಂದು ಒತ್ತಿಗೆ ಒಂದೇ.

ಕರೆಂಟ್ ಹೋದಾಗ ಯಾವ ಡಬ್ಬಿ ಉಳಿಯುತ್ತೆ

ಫ್ಯಾಕ್ಟರಿಯವರಿಗಿಂತ ಇದು ನಮಗೇ ಹೆಚ್ಚು ಮುಖ್ಯ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಬರುತ್ತೆ, ಎರಡನೇ ವಾಲ್ವ್ ಓಡ್ತಿರುವಾಗ ಹೋಗುತ್ತೆ, ಮತ್ತೆ ಬರುತ್ತೆ. ಯಾವ ವಾಲ್ವ್ ಸರದಿ ಅನ್ನೋ ಸಂಖ್ಯೆಯನ್ನ ಡಿ0ರಲ್ಲಿ ಇಟ್ಟಿದ್ದರೆ ಪಿಎಲ್‌ಸಿ ಆಫ್ ಆದ ಕೂಡಲೇ ಅದು ಸೊನ್ನೆ. ಕರೆಂಟ್ ಬಂದ ಮೇಲೆ ಮತ್ತೆ ಮೊದಲನೇ ವಾಲ್ವಿನಿಂದ ಶುರು. ನಾಲ್ಕು ಸಲ ಕರೆಂಟ್ ಹೋದರೆ ಮೊದಲನೇ ಭಾಗ ಕೆಸರು ಗದ್ದೆ, ನಾಲ್ಕನೇ ಭಾಗ ಒಣ.

ಎಫ್‌ಎಕ್ಸ್3ಯುನಲ್ಲಿ ಡಿ0ರಿಂದ ಡಿ199 ಮರೆಯೋ ಡಬ್ಬಿಗಳು, ಡಿ200ರಿಂದ ಮೇಲಿನವು ನೆನಪಿಟ್ಟುಕೊಳ್ಳೋವು. ಕೌಂಟರಿನಲ್ಲಿ ಸಿ100ರಿಂದ ಸಿ199 ನೆನಪಿನವು, ಅದಕ್ಕೇ ಮೇಲೆ ಸಿ100 ಬರೆದದ್ದು. ಎಂಗಳಲ್ಲಿ ಎಂ500ರಿಂದ ಮೇಲೆ. ಬೇರೆ ಮಾದರಿಯಲ್ಲಿ ಈ ಗಡಿ ಬೇರೆ ಇರುತ್ತೆ, ನಿಮ್ಮ ಮೆಷಿನ್ನಿನ ಮ್ಯಾನ್ಯುಯಲ್ ನೋಡಿಯೇ ಬರೀರಿ. ಬ್ಯಾಟರಿ ಇರೋ ಮಾದರಿ ಆದರೆ ಬ್ಯಾಟರಿ ದೀಪ ಹತ್ತಿದಾಗ ಸುಮ್ಮನಿರಬೇಡಿ, ಅದು ಹೋದರೆ ಈ ನೆನಪೂ ಹೋಗುತ್ತೆ.

ನೆನಪಿನ ಕೌಂಟರ್ ಬಳಸಿದವರು ಅದನ್ನ ರೀಸೆಟ್ ಮಾಡೋ ಸಾಲನ್ನೂ ಬರೀಬೇಕು, ಇಲ್ಲದಿದ್ದರೆ ಮಾರನೇ ದಿನ ನೀರು ಶುರುವಾಗೋಕೆ ಮುಂಚೆಯೇ 120 ಆಗಿರುತ್ತೆ. ಜೊತೆಗೆ, ಸರದಿ ಸಂಖ್ಯೆಯನ್ನ ಡಿ200ರಲ್ಲಿ ಇಟ್ಟು ಆಮೇಲೆ ಎಂ8002ರಿಂದ, ಅಂದ್ರೆ ಆನ್ ಆದಾಗ ಒಂದೇ ಸುತ್ತು ಹತ್ತೋ ಬಿಟ್‌ನಿಂದ, ಅದಕ್ಕೆ ಕೆ1 ತುಂಬಿಸಿದರೆ ನೆನಪಿಟ್ಟು ಏನು ಬಂತು? ನಾನು ಇದನ್ನೂ ಮಾಡಿದ್ದೀನಿ.

ಒಂದು ವೈಗೆ ಒಂದೇ ಕಾಯಿಲ್

ಮೋಟರಿಗೆ ಆಟೋ ಬೇಕು, ಮ್ಯಾನ್ಯುಯಲ್ ಬೇಕು ಅಂತ ಎರಡು ಕಡೆ ಔಟ್ ವೈ0 ಬರೀತಾರೆ. ಕಾಂಟ್ಯಾಕ್ಟ್ ಎಷ್ಟು ಸಲ ಬೇಕಾದರೂ ಬರೆಯಬಹುದು, ಕಾಯಿಲ್ ಮಾತ್ರ ಒಂದೇ ಸಲ. ಎರಡು ಕಡೆ ಬರೆದರೆ ಕೆಳಗಿನದ್ದೇ ಗೆಲ್ಲುತ್ತೆ. ಮೇಲೆ ಆಟೋ ಸಾಲು ಆನ್ ಮಾಡಿತು, ಕೆಳಗೆ ಮ್ಯಾನ್ಯುಯಲ್ ಸ್ವಿಚ್ ಆಫ್ ಇದೆ, ಮೋಟರ್ ಆಫ್. ಆಟೋ ಸಾಲನ್ನ ಎಂ0ಗೆ, ಮ್ಯಾನ್ಯುಯಲ್ ಸಾಲನ್ನ ಎಂ1ಗೆ ಕೊಟ್ಟು, ಕೊನೆಯಲ್ಲಿ ಎಂ0 ಅಥವಾ ಎಂ1 ಇದ್ದರೆ ವೈ0 ಅಂತ ಒಂದೇ ಸಾಲು ಬರೀರಿ. ಹೊಂಡದ ಫ್ಲೋಟ್ ಕಾಂಟ್ಯಾಕ್ಟನ್ನ ಆ ಸಾಲಿನಲ್ಲೇ ಸೇರಿಸಿ. ಆದರೆ ತುರ್ತು ನಿಲುಗಡೆ ಬಟನ್ ಮಾತ್ರ ಪ್ರೋಗ್ರಾಮಿನ ಮೇಲೆ ಬಿಡಬೇಡಿ, ಅದು ಸ್ಟಾರ್ಟರ್ ಕಾಯಿಲ್ ವೈರನ್ನೇ ನೇರವಾಗಿ ಕಡಿಯಬೇಕು.

ಮ್ಯಾನ್ಯುಯಲ್ ಓದೋದು ಹೆಂಗೆ

ನಿಮ್ಮ ಪಿಎಲ್‌ಸಿಯ ಪ್ರೋಗ್ರಾಮಿಂಗ್ ಮ್ಯಾನ್ಯುಯಲ್ ಪಿಡಿಎಫ್ ಮೊಬೈಲಿಗೆ ಇಳಿಸಿಕೊಳ್ಳಿ. ಪೂರ್ತಿ ಓದೋದು ಬೇಡ, ಯಾರೂ ಓದಲ್ಲ. ಹುಡುಕೋ ಜಾಗದಲ್ಲಿ ಇನ್‌ಸ್ಟ್ರಕ್ಷನ್ ಹೆಸರು ಹಾಕಿದರೆ ಅದರ ಪುಟ ಬರುತ್ತೆ. ಅಲ್ಲೊಂದು ಕೋಷ್ಟಕ. ಎಡಕ್ಕೆ ಎಸ್1, ಎಸ್2, ಡಿ, ಅಂದ್ರೆ ಎರಡು ಮೂಲ, ಒಂದು ಗುರಿ. ಮೇಲಕ್ಕೆ ಎಕ್ಸ್, ವೈ, ಎಂ, ಟಿ, ಸಿ, ಡಿ, ಕೆ ಅಂತ ಸಾಲು. ಗುರುತು ಇರೋ ಮನೆಗೆ ಅನುಮತಿ ಇದೆ, ಇಲ್ಲದ್ದಕ್ಕೆ ಇಲ್ಲ. ಮಲ್ ಪುಟದಲ್ಲಿ ಗುರಿಯ ಸಾಲು ನೋಡಿ, ಕೆ ಮನೆ ಖಾಲಿ ಇರುತ್ತೆ. ಅಲ್ಲಿಗೇ ನಿಲ್ಲಿಸಬೇಡಿ. ಕೋಷ್ಟಕದ ಕೆಳಗಿನ ಚಿತ್ರದಲ್ಲಿ ಉತ್ತರ ಎಷ್ಟು ಡಬ್ಬಿಗೆ ಹೋಗುತ್ತೆ ಅಂತ ಬಾಣ ಹಾಕಿ ತೋರಿಸಿರ್ತಾರೆ. ನಾನು ನೋಡದೇ ಬಿಟ್ಟದ್ದು ಆ ಚಿತ್ರ.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಡಿ ಸಂಖ್ಯೆಗಳ ಪಟ್ಟಿಗೆ ಇನ್ನೊಂದು ಕಾಲಂ ಇದೆ: ಎಲ್ಲಿಂದ ಎಲ್ಲಿಗೆ. ಮಲ್ ಬರೆದರೆ ಎರಡು ಮನೆಗೂ ಅಡ್ಡಗೆರೆ ಎಳೀತೀನಿ. ಪುಟದ ಫೋಟೋ ಮೊಬೈಲಲ್ಲಿ ಇರುತ್ತೆ. ಹೊಸ ಸಾಲು ಸೇರಿಸಿದ ದಿನ ಮೇನ್ ಮೋಟರಿನ ಎಂಸಿಬಿ ಇಳಿಸಿ, ಪ್ರೋಗ್ರಾಂ ಒಂದು ಸುತ್ತು ಪೂರ್ತಿ ಓಡಿಸಿ, ಹಳೆಯ ಡಬ್ಬಿಗಳೆಲ್ಲ ಹಾಗೇ ಇವೆಯಾ ಅಂತ ನೋಡ್ತೀನಿ. ಹೊಸದು ಕೆಲಸ ಮಾಡ್ತಿದೆಯಾ ಅಂತ ಎಲ್ಲರೂ ನೋಡ್ತಾರೆ, ಆವತ್ತು ನಾನೂ ಅಷ್ಟೇ ನೋಡಿದ್ದು.

ಬೆಳೆ ಏನಾಯ್ತು ಅಂತ ಕೇಳ್ತೀರಿ. ಲೀಟರ್ ಲೆಕ್ಕವನ್ನ ಡಿ20, ಡಿ21ಕ್ಕೆ ಸಾಗಿಸಿದೆ, ಅವತ್ತೇ ಗೊಬ್ಬರ ಶುರುವಾಯ್ತು. ಹತ್ತು ದಿನದ್ದನ್ನ ಒಟ್ಟಿಗೆ ಸುರಿಯೋಣ್ವಾ ಅಂತ ಅಪ್ಪ ಕೇಳಿದರು, ಬೇಡ ಅಂದೆ. ಒಂದೇ ಸಲ ಅಷ್ಟು ಉಪ್ಪು ಬಿದ್ದರೆ ಬೇರು ಸುಡುತ್ತೆ. ಮಾಮೂಲಿ ಪ್ರಮಾಣವನ್ನೇ ಕೊಟ್ಟುಕೊಂಡು ಬಂದೆವು. ಎಲೆ ಬಣ್ಣ ವಾರದಲ್ಲಿ ತಿರುಗಿತು. ಉದುರಿದ ಹೂ ಉದುರಿತು, ಮುಂದಿನ ಎರಡು ಕೊಯ್ಲಿನಲ್ಲಿ ಕಾಯಿ ಕಮ್ಮಿ, ಇದ್ದದ್ದರಲ್ಲೂ ಬಹುಪಾಲು ಎರಡನೇ ಗ್ರೇಡಿಗೆ ಹೋಯ್ತು.

ಅಪ್ಪ ಡ್ರಮ್ಮಿನ ಹೊರಗೆ ಸುಣ್ಣದ ಕಡ್ಡಿಯಲ್ಲಿ ನಾಲ್ಕು ಗೆರೆ ಎಳೆದಿದ್ದಾರೆ, ದಿನಕ್ಕೊಂದು. ಬೆಳಿಗ್ಗೆ ಹಾಲು ಕರೆದು ಬರೋವಾಗ ಬ್ಯಾಟರಿ ಬಿಟ್ಟು ನೋಡ್ತಾರೆ, ಗೊಬ್ಬರ ಗೆರೆಗೆ ಇಳಿದಿದ್ದರೆ ಏನೂ ಮಾತಾಡದೆ ಹೋಗ್ತಾರೆ.